ಮರಳಿ ನಡೆಯಲಾಗದ ದಾರಿ



ಒಂದು ವಸ್ತು ಎಲ್ಲಿದೆ ಎಂದು ತಿಳಿಸಲು ಉದ್ದ, ಅಗಲ, ಎತ್ತರ ಎಂಬ ಮೂರು ಅಳತೆಗಳು ಸಾಕು. ಆದರೆ ಇಬ್ಬರು ಗೆಳೆಯರು ಮಸೀದಿಯ ಒಂದೇ ಕಂಬದ ಬಳಿ ಭೇಟಿಯಾಗಲು ನಿಶ್ಚಯಿಸಿ, ಒಬ್ಬನು ಝುಹ್ರ್‌ಗೂ ಇನ್ನೊಬ್ಬನು ಮಗ್ರಿಬ್‌ಗೂ ಬಂದರೆ, ಸ್ಥಳ ಒಂದೇ ಆಗಿದ್ದರೂ ಅವರು ಪರಸ್ಪರ ಕಾಣಲಾರರು. ನಾಲ್ಕನೆಯದಾದ ಸಮಯವೂ ಕೂಡಿ ಬರಬೇಕು.

ಐನ್‌ಸ್ಟೈನ್ 1905ರಲ್ಲಿ ಸಾಪೇಕ್ಷತಾ ಸಿದ್ಧಾಂತವನ್ನು ಮಂಡಿಸಿದರು. ಅದರ ಆಧಾರದಲ್ಲಿ ಅವರ ಗುರುಗಳಲ್ಲೊಬ್ಬರಾದ ಗಣಿತಜ್ಞ ಹರ್ಮನ್ ಮಿಂಕೋವ್‌ಸ್ಕಿ 1908ರ ಸೆಪ್ಟೆಂಬರಿನಲ್ಲಿ ಜರ್ಮನಿಯ ಕಲೋನ್ ನಗರದಲ್ಲಿ ಭಾಷಣ ಮಾಡಿ, ದೇಶ ಮತ್ತು ಕಾಲ ಬೇರೆ ಬೇರೆಯಲ್ಲ, ಒಂದೇ ವ್ಯವಸ್ಥೆಯ ನಾಲ್ಕು ಆಯಾಮಗಳು ಎಂದು ವಿವರಿಸಿದರು. ಆ ಭಾಷಣಕ್ಕೆ ನಾಲ್ಕು ತಿಂಗಳು ತುಂಬುವ ಮೊದಲೇ, 44ರ ಹರೆಯದಲ್ಲಿ ಅವರು ತೀರಿಹೋದರು. ಕಾಲವನ್ನು ಗಣಿತದಲ್ಲಿ ಅಳೆದವರಿಗೂ ಒಂದು ದಿನ ಹೆಚ್ಚಿಗೆ ಸಿಗಲಿಲ್ಲ.

ಅರಬಿಯಲ್ಲಿ ಆಯಾಮಕ್ಕೆ 'ಬುಅದ್' ಎನ್ನುತ್ತಾರೆ. ಕ್ರಿ.ಶ. 1111ರಲ್ಲಿ ನಿಧನರಾದ ಇಮಾಮ್ ಗಝ್ಝಾಲಿ(ರ) ತಮ್ಮ 'ತಹಾಫುತುಲ್ ಫಲಾಸಿಫ'ದಲ್ಲಿ ಈ ಪದವನ್ನು ದೇಶಕ್ಕೂ ಕಾಲಕ್ಕೂ ಬಳಸಿದ್ದಾರೆ. ಜಗತ್ತು ಅನಾದಿಯೆಂದು ವಾದಿಸುತ್ತಿದ್ದ ತತ್ವಜ್ಞಾನಿಗಳು, ಜಗತ್ತಿಗೆ ಆರಂಭವಿದ್ದರೆ ಅದಕ್ಕಿಂತ ಮುಂಚೆಯೂ ಕಾಲವಿರಬೇಕಲ್ಲವೇ ಎನ್ನುತ್ತಿದ್ದರು. ಜಗತ್ತಿನ ಎಲ್ಲೆಯಾಚೆ 'ಮೇಲೆ' ಎಂಬುದಿಲ್ಲವೆಂದು ನೀವೇ ಒಪ್ಪುತ್ತೀರಿ, ಹಾಗೆಯೇ ಅದರ ಆರಂಭದಾಚೆ 'ಮುಂಚೆ' ಎಂಬ ಕಾಲವೂ ಇಲ್ಲ ಎಂಬುದು ಇಮಾಮರ ಉತ್ತರದ ಸಾರ. ಕಾಲವೂ ಒಂದು ಸೃಷ್ಟಿ. ಇದರಿಂದ ಐನ್‌ಸ್ಟೈನರ ಸಿದ್ಧಾಂತವನ್ನು ನಮ್ಮವರೇ ಮೊದಲು ಹೇಳಿದ್ದರೆಂದು ಬೀಗುವುದು ಬೇಡ. ಕುರ್‌ಆನ್ ಭೌತಶಾಸ್ತ್ರದ ಪಠ್ಯವಲ್ಲ, ಮಾರ್ಗದರ್ಶನದ ಗ್ರಂಥ. ಕಾಲವನ್ನು ಸೃಷ್ಟಿಸಿದವನು ಕಾಲಕ್ಕೆ ಅಧೀನನಲ್ಲ, ನಾವು ಅಧೀನರು ಎಂಬುದೇ ನಮಗಿರುವ ಪಾಠ.

ನಾಲ್ಕು ಆಯಾಮಗಳಲ್ಲಿ ಕಾಲಕ್ಕೆ ಮಾತ್ರ ಒಂದು ವಿಶೇಷವಿದೆ. ಪುತ್ತೂರಿನಲ್ಲಿ ಬಸ್ಸಿಳಿದವನಿಗೆ ಮಂಗಳೂರಿನ ಅಂಗಡಿಯಲ್ಲಿ ಕೊಡೆ ಮರೆತದ್ದು ನೆನಪಾದರೆ, ಮರಳಿ ಹೋಗಿ ತರಬಹುದು. ಆದರೆ ನಿನ್ನೆ ಸಂಜೆ ಸಿಟ್ಟಿನಲ್ಲಿ ತಾಯಿಗೆ ಆಡಿದ ಮಾತನ್ನು ಹಿಂದಕ್ಕೆ ತರಲು ಯಾವ ಬಸ್ಸೂ ಇಲ್ಲ. ಮರಣ ಸಮೀಪಿಸಿದಾಗ ಮನುಷ್ಯನು ಏನು ಬೇಡುತ್ತಾನೆಂಬುದನ್ನು 'ಅಲ್ ಮುಅ್‌ಮಿನೂನ್' ಅಧ್ಯಾಯವು ತಿಳಿಸುತ್ತದೆ. ಅವನು ಸಂಪತ್ತನ್ನು ಕೇಳುವುದಿಲ್ಲ. ತಾನು ಬಿಟ್ಟು ಬಂದಲ್ಲಿ ಸತ್ಕರ್ಮ ಮಾಡಲು ತನ್ನನ್ನು ಹಿಂದಕ್ಕೆ ಕಳುಹಿಸಬೇಕೆಂದು ಬೇಡುತ್ತಾನೆ. ಆ ಬೇಡಿಕೆ ಈಡೇರುವುದಿಲ್ಲ.

ನಮಾಝನ್ನೇ ನೋಡಿರಿ. ಅದಕ್ಕೆ ಕಿಬ್ಲಾ ಬೇಕು, ವಕ್ತ್ ಕೂಡಾ ಬೇಕು. ಒಂದು ದೇಶದ ದಿಕ್ಕು, ಇನ್ನೊಂದು ಕಾಲದ ಗಡಿ. ಹೊಸ ಮನೆಗೆ ಹೋದರೆ ಕಿಬ್ಲಾ ಯಾವ ಕಡೆಗೆಂದು ನಾವು ನಾಲ್ವರಲ್ಲಿ ವಿಚಾರಿಸುತ್ತೇವೆ. ಆದರೆ ಅಂಗಡಿಯ ಗಲ್ಲಾಪೆಟ್ಟಿಗೆಯ ಮುಂದೆ ಅಸರ್ ಜಾರಿ ಹೋಗುವಾಗ ನಮಗೆ ಅದೇ ಕಳವಳ ಇದೆಯೇ? ಅಪಾಯದ ಭಯವಿರುವಾಗ ನಡೆಯುತ್ತಲೋ ವಾಹನದ ಮೇಲೋ ನಮಾಝ್ ನಿರ್ವಹಿಸಲು ಕುರ್‌ಆನ್ ಅನುಮತಿಸಿದೆ. ಅಂತಹ ಇಕ್ಕಟ್ಟಿನಲ್ಲಿ ಕಿಬ್ಲಾದ ನಿಯಮವೂ ಸಡಿಲಗೊಳ್ಳುತ್ತದೆ. ತಪ್ಪಿದ ನಮಾಝನ್ನು ಖಳಾ ಮಾಡಿದರೆ ಸಾಲ ತೀರಬಹುದು, ಆದರೆ ಆ ವಕ್ತ್ ಮರಳಿ ಬಾರದು.

ಜನರ ಹಕ್ಕುಗಳ ವಿಷಯವಂತೂ ಇನ್ನೂ ಕಠಿಣ. ಸಹೋದರನಿಗೆ ಅನ್ಯಾಯ ಮಾಡಿದವನು ದೀನಾರ್, ದಿರ್‌ಹಮ್‌ಗಳು ಉಪಯೋಗಕ್ಕೆ ಬಾರದ ದಿನಕ್ಕೆ ಮುಂಚೆ, ಇಂದೇ ಅವನಿಂದ ಬಿಡುಗಡೆ ಪಡೆಯಬೇಕೆಂದು ಪ್ರವಾದಿವರ್ಯರು(ಸ) ಕಲಿಸಿದ್ದಾರೆ. ಆಸ್ತಿಯ ಪಾಲಿಗಾಗಿ ಮಾತು ಬಿಟ್ಟ ಅಣ್ಣನ ಮನೆ ನಾಲ್ಕು ಹೆಜ್ಜೆ ದೂರದಲ್ಲಿರಬಹುದು. ಅವನ ಜನಾಝ ಹೊರಟ ಮೇಲೆ ಆ ನಾಲ್ಕು ಹೆಜ್ಜೆ ನಡೆದು ಪ್ರಯೋಜನವೇನು?

ಹಾಗೆಂದು ನಿರಾಶರಾಗಬೇಕಿಲ್ಲ. ನಾವು ಹಿಂದಕ್ಕೆ ಹೋಗಲಾರೆವು ನಿಜ, ಆದರೆ ನಮ್ಮ ನಿನ್ನೆಗಳು ಅಲ್ಲಾಹನ ಕೈಯಿಂದ ಜಾರಿಲ್ಲ. ಪಶ್ಚಾತ್ತಾಪಪಟ್ಟು, ವಿಶ್ವಾಸವಿರಿಸಿ, ಸತ್ಕರ್ಮಗೈದವರ ಪಾಪಗಳನ್ನು ಪುಣ್ಯಗಳಾಗಿ ಬದಲಾಯಿಸುವೆನೆಂದು ಅವನು 'ಅಲ್ ಫುರ್ಕಾನ್' ಅಧ್ಯಾಯದಲ್ಲಿ ವಾಗ್ದಾನ ಮಾಡಿದ್ದಾನೆ. ಕಳೆದ ಕಾಲವನ್ನು ತಿದ್ದುವ ಸಾಮರ್ಥ್ಯ ಕಾಲದ ಒಡೆಯನಿಗೆ ಮಾತ್ರ ಇದೆ. ತೌಬಾದ ಆ ಬಾಗಿಲು ತೆರೆದಿರುವುದು ಉಸಿರಿರುವ ತನಕ. ಮುಂದಿನ ಬಾಂಗ್ ಕೇಳಿಸುವ ಮೊದಲು ನಾವು ಯಾರ ಬಾಗಿಲು ತಟ್ಟಬೇಕಾಗಿದೆಯೆಂದು ಯೋಚಿಸೋಣ. ಅಲ್ಲಾಹನು ನಮಗೆ ಸಮಯವಿರುವಾಗಲೇ ಎಚ್ಚರ ನೀಡಲಿ. ಆಮೀನ್.