ವೃದ್ಧರ ನಿಯಮ ಮತ್ತು ನಮ್ಮ ವೈಯಾವೃತ್ಯ



ತಪಸ್ಸೆಂದೊಡನೆ ನಮ್ಮ ನೆನಪಿಗೆ ಬರುವುದು ಉಪವಾಸ. ದಶಲಕ್ಷಣ ಪರ್ವದಲ್ಲಿ ಯಾರದು ಎಷ್ಟು ಉಪವಾಸವಾಯಿತೆಂದು ಬಸದಿಯ ಜಗಲಿಯಲ್ಲಿ ಲೆಕ್ಕ ಹಾಕುತ್ತೇವೆ. ಆದರೆ ಅನಶನವು ಬಾಹ್ಯ ತಪಸ್ಸು. ತತ್ತ್ವಾರ್ಥಸೂತ್ರದ ಒಂಬತ್ತನೆಯ ಅಧ್ಯಾಯವು ಆರು ಆಭ್ಯಂತರ ತಪಸ್ಸುಗಳಲ್ಲಿ ವೈಯಾವೃತ್ಯವನ್ನು ಎಣಿಸಿ, ಸೇವೆಗೆ ಪಾತ್ರರಾದ ಹತ್ತು ಬಗೆಯವರಲ್ಲಿ ಗ್ಲಾನನನ್ನು, ಎಂದರೆ ರೋಗದಿಂದ ಬಳಲುವವನನ್ನು, ಹೇಳುತ್ತದೆ. ಸಮಂತಭದ್ರಾಚಾರ್ಯರಂತೂ ರತ್ನಕರಂಡಕ ಶ್ರಾವಕಾಚಾರದಲ್ಲಿ ಇದನ್ನು ಗೃಹಸ್ಥನ ನಾಲ್ಕು ಶಿಕ್ಷಾವ್ರತಗಳಲ್ಲೊಂದಾಗಿ ಇರಿಸಿದ್ದಾರೆ. ಅಲ್ಲಿ ಮುಖ್ಯವಾಗಿ ಉದ್ದಿಷ್ಟವಾದುದು ಸಂಯಮಿಗಳ ಸೇವೆ, ನಿಜ. ಆದರೆ ಅರವತ್ತು ವರ್ಷ ನಿಯಮ ಪಾಲಿಸಿ ಈಗ ಹಾಸಿಗೆ ಹಿಡಿದಿರುವ ತಾಯಿಯ ಸೇವೆಯನ್ನು ಅದರಿಂದ ಹೊರಗಿಡಲು ನನ್ನ ಮನಸ್ಸು ಒಪ್ಪದು.

ನನ್ನಿಂದಾದ ಒಂದು ತಪ್ಪನ್ನು ಹೇಳಿಬಿಡುತ್ತೇನೆ. ನಮ್ಮ ತಾಯಿಯವರಿಗೆ ಕೊನೆಯ ವರ್ಷಗಳಲ್ಲಿ ಕಣ್ಣು ಕಾಣುತ್ತಿರಲಿಲ್ಲ. ಸೂರ್ಯಾಸ್ತಕ್ಕೆ ಎರಡು ಘಳಿಗೆ ಮುಂಚೆಯೇ ಆಹಾರ, ನೀರು ಎರಡನ್ನೂ ಮುಗಿಸುವುದು ಅವರ ನಿಯಮ. ಒಂದು ದಿನ ನಾನು ಕೆಲಸದಿಂದ ತಡವಾಗಿ ಬಂದೆ. ಅವರು ಮಧ್ಯಾಹ್ನದಿಂದ ಏನನ್ನೂ ತೆಗೆದುಕೊಂಡಿರಲಿಲ್ಲ. ಹಾಲಿನ ಲೋಟವನ್ನು ಕೈಗಿಟ್ಟಾಗ, “ಹೊತ್ತು ಮುಳುಗಿತೇನಪ್ಪಾ?” ಎಂದು ಕೇಳಿದರು. “ಇನ್ನೂ ಇದೆ ಅವ್ವಾ, ಕುಡಿ” ಎಂದೆ. ಅವರು ಕುಡಿದು ಲೋಟವನ್ನು ಕೆಳಗಿಡುವಷ್ಟರಲ್ಲಿ ಬಸದಿಯಿಂದ ಸಂಜೆಯ ಆರತಿಯ ಗಂಟೆ ಕೇಳಿಸಿತು. ಅವರು ಒಂದು ಮಾತೂ ಆಡಲಿಲ್ಲ. ಮರುದಿನ ನೀರನ್ನೂ ಬಿಟ್ಟು ಉಪವಾಸವಿದ್ದರು. ದೋಷ ನನ್ನದು, ಪ್ರಾಯಶ್ಚಿತ್ತ ಅವರದಾಯಿತು. ಆ ಸುಳ್ಳನ್ನು ನಾನು ಕರುಣೆಯೆಂದೇ ತಿಳಿದಿದ್ದೆ.

ಈಗ ಮಕ್ಕಳು ದೂರದ ಊರುಗಳಲ್ಲಿದ್ದಾರೆ. ಹಿರಿಯರು ವೃದ್ಧಾಶ್ರಮಗಳಲ್ಲಿಯೋ ಸಂಬಳದ ಸೇವಕಿಯರ ಕೈಯಲ್ಲಿಯೋ ಇರುತ್ತಾರೆ. ಸೋಸದ ನೀರು, ಆಲೂಗಡ್ಡೆಯ ಪಲ್ಯ, ಜೇನಿನಲ್ಲಿ ಕಲಸಿದ ಔಷಧ, ಪ್ರಾಣಿಗಳ ಚರ್ಮ-ಮೂಳೆಗಳಿಂದ ತೆಗೆದ ಜೆಲಟಿನ್ನಿನ ಕ್ಯಾಪ್ಸೂಲು, ರಾತ್ರಿ ಎಂಟಕ್ಕೆ ಊಟ: ಇವುಗಳಲ್ಲಿ ಯಾವುದೂ ಅಲ್ಲಿಯವರಿಗೆ ದೋಷವಾಗಿ ತೋರದು. ಅವರನ್ನು ದೂರಿ ಫಲವಿಲ್ಲ, ಅವರಿಗೆ ತಿಳಿಸಿದವರಾರು? ಒಂದು ಹಾಳೆಯಲ್ಲಿ ಹಿರಿಯರ ನಿಯಮಗಳನ್ನು ಅವರನ್ನೇ ಕೇಳಿ ಬರೆದುಕೊಡಬೇಕು. ಎಲ್ಲ ಜೈನರ ನಿಯಮವೂ ಒಂದೇ ಅಲ್ಲ. ಒಬ್ಬರು ರಾತ್ರಿ ನೀರು ತೆಗೆದುಕೊಳ್ಳುತ್ತಾರೆ, ಇನ್ನೊಬ್ಬರು ಅದನ್ನೂ ಬಿಟ್ಟಿರುತ್ತಾರೆ. ರಾತ್ರಿಯ ಮಾತ್ರೆಯನ್ನು ಸಂಜೆಗೆ ತರಬಹುದೇ, ಕ್ಯಾಪ್ಸೂಲಿಗೆ ಬದಲು ಬೇರೆ ರೂಪದ ಔಷಧವಿದೆಯೇ ಎಂದು ವೈದ್ಯರನ್ನು ವಿಚಾರಿಸಬೇಕು. ಅನೇಕ ವೇಳೆ ದಾರಿ ಇರುತ್ತದೆ.

ನಿಯಮದ ಹೆಸರಿನಲ್ಲಿ ಪ್ರಾಣಕ್ಕೆ ಅಪಾಯ ತರುವುದೂ ಸಲ್ಲದು. ಇನ್ಸುಲಿನ್ ತೆಗೆದುಕೊಳ್ಳುವವರು ಅದೇ ಪ್ರಮಾಣದಲ್ಲಿ ಚುಚ್ಚಿಸಿಕೊಂಡು ಉಪವಾಸವಿದ್ದರೆ ರಕ್ತದ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ತಪಸ್ಸು ಯಥಾಶಕ್ತಿ. ಅವಮೌದರ್ಯವೂ ರಸಪರಿತ್ಯಾಗವೂ ತಪಸ್ಸುಗಳೇ ಅಲ್ಲವೇ? (ಮಧುಮೇಹವುಳ್ಳವರಿಗೆ ಸಿಹಿಯ ತ್ಯಾಗಕ್ಕಿಂತ ಒಪ್ಪುವ ತಪಸ್ಸು ಯಾವುದು!) ಆದರೆ ಇದನ್ನು ಹಿರಿಯರಿಗೆ ನಿಜವಾಗಿ ತಿಳಿಸಿ, ತ್ಯಾಗಿಗಳಿಂದಲೋ ಪಂಡಿತರಿಂದಲೋ ಹೇಳಿಸಿ, ನಿರ್ಣಯವನ್ನು ಅವರಿಗೇ ಬಿಡಬೇಕು. ಕದ್ದು ಹಾಲಿನಲ್ಲಿ ಬೆರೆಸುವುದು ಬೇಡ.

ಇನ್ನೊಂದು ವಿಷಯ. ನಮ್ಮವರು ನಡೆಸುವ ಆಶ್ರಮಗಳಿಗೂ ನೆರೆಮನೆಗಳಿಗೂ ಅನ್ಯಮತದ ವೃದ್ಧರು ಬರುತ್ತಾರೆ. ಲಿಂಗಾಯತ ಅಜ್ಜಿಗೆ ಇಷ್ಟಲಿಂಗಪೂಜೆಯಾಗದೆ ಗಂಟಲಲ್ಲಿ ತುತ್ತು ಇಳಿಯದು. ಮಾಧ್ವರಿಗೆ ಏಕಾದಶಿಯಿದೆ. ಮುಸಲ್ಮಾನ ಹಿರಿಯರಿಗೆ ಹೊತ್ತಿಗೆ ಸರಿಯಾಗಿ ನಮಾಜಿಗೆ ನೀರೂ ಪಶ್ಚಿಮದ ಕಡೆ ಒಂದಿಷ್ಟು ಶುಚಿಯಾದ ಸ್ಥಳವೂ ಬೇಕು. ಪೂಜೆಯ ಬಿಸಿನೀರನ್ನು ಹತ್ತು ನಿಮಿಷ ಮೊದಲು ಕಾಯಿಸಿಕೊಟ್ಟರೆ ನಮ್ಮ ಸಮ್ಯಕ್ತ್ವಕ್ಕೆ ಯಾವ ಕುಂದೂ ಬಾರದು. ನಿರ್ವಿಚಿಕಿತ್ಸೆಗೆ ಉದಾಹರಣೆಯಾದ ಉದ್ದಾಯನ ರಾಜನ ಕಥೆ ನಿಮಗೆ ಗೊತ್ತು. ರೋಗಿಯಾದ ಮುನಿಯು ಮೈಮೇಲೆ ವಾಂತಿ ಮಾಡಿದರೂ ಅವನು ಮುಖ ಸಿಂಡರಿಸಲಿಲ್ಲ. ಮೈಯ ಮಲಿನತೆಗೆ ಹೇಸದವನು ಇನ್ನೊಬ್ಬರ ಆಚಾರಕ್ಕೆ ಹೇಸುವನೇ?

ಮಾಂಸಾಹಾರದ ವಿಷಯದಲ್ಲಿ ಮಾತ್ರ ನಮ್ಮ ಅಡಿಗೆಮನೆ ಬದಲಾಗಲಾರದು. ಅದನ್ನು ಹಿರಿಯರನ್ನು ಸೇರಿಸಿಕೊಳ್ಳುವ ಮೊದಲೇ ಅವರಿಗೂ ಅವರ ಮಕ್ಕಳಿಗೂ ಸೌಮ್ಯವಾಗಿ ಹೇಳಬೇಕು. ಸೇರಿದ ಮೇಲೆ ತಟ್ಟೆಯ ಮುಂದೆ ಕುಳಿತಾಗ ಅಲ್ಲ.