ಯಾರ ನಾಯಿ?

ಈಚೆಗೆ ಬೆಂಗಳೂರಿಗೆ ಹೋಗಿದ್ದಾಗ ತಂಗಿಯ ಮಗ ತನ್ನ ನಾಯಿಯೊಡನೆ ನನ್ನನ್ನೂ ಕಬ್ಬನ್ ಪಾರ್ಕಿನ ನಾಯಿಗಳ ಅಂಗಳಕ್ಕೆ ಕರೆದೊಯ್ದ. ಬೇಲಿಯೊಳಗೆ ಹೋಗಿ ಹಗ್ಗ ಬಿಚ್ಚಿದ್ದೇ ತಡ, ನಾಯಿ ಗಾಳಿಯಂತೆ ಓಡಿತು. ಹಗ್ಗ ಹುಡುಗನ ಕೈಯಲ್ಲೇ ಉಳಿಯಿತು. ಕಣ್ಣು ಮಾತ್ರ ನಾಯಿಯನ್ನು ಬಿಡಲಿಲ್ಲ.

ನಮ್ಮ ಅಕ್ಕಿಹೆಬ್ಬಾಳಿನಲ್ಲಿ ಬೇಲಿಯೂ ಇಲ್ಲ, ಹಗ್ಗವೂ ಇಲ್ಲ. ಹೇಮಾವತಿಯ ದಡವೆಲ್ಲ ನಾಯಿಗಳದೇ. ಹುಡುಗನಾಗಿದ್ದಾಗ ಕರಿಯನೆಂಬ ನಾಯಿಗೆ ನಾನು ದಿನವೂ ಮುದ್ದೆಯ ತುಣುಕು ಹಾಕುತ್ತಿದ್ದೆ. ಒಂದು ದಿನ ಅದು ನೆರೆಮನೆಯ ಮಗುವನ್ನು ಕಚ್ಚಿತು. “ಯಾರ ನಾಯಿಯೋ ಇದು?” ಎಂದರು ಜನ. “ನಮ್ಮದಲ್ಲ” ಎಂದೆ. ಮಗು ಸೂಜಿಮದ್ದಿನಿಂದ ಉಳಿಯಿತು. ಕರಿಯ ದೊಣ್ಣೆಯ ಪೆಟ್ಟಿಗೆ ಸತ್ತಿತು. ಅದಕ್ಕೆ ಸ್ವಾತಂತ್ರ್ಯವಿತ್ತೆಂದು ಬಹುಕಾಲ ಸಮಾಧಾನ ಹೇಳಿಕೊಂಡಿದ್ದೆ. ಆದರೆ ಅಂದು ನಿಜವಾಗಿ ಸ್ವತಂತ್ರನಾಗಿದ್ದವನು ನಾನು: ಪ್ರೀತಿಸುವುದಕ್ಕೂ ಸ್ವತಂತ್ರ, ಕೈಬಿಡುವುದಕ್ಕೂ ಸ್ವತಂತ್ರ.

ಪಾರ್ಕಿನ ಪಕ್ಕದ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ, ನಮ್ಮ ಮಂಡ್ಯ ಜಿಲ್ಲೆಯ ಆತಕೂರಿನ ಶಾಸನದ ಕಲ್ಲು. ಅದು ಕ್ರಿ.ಶ. 949–50ರದು. ಮೆಚ್ಚಿದ ಗಂಗರ ಬೂತುಗನಲ್ಲಿ ಮಣಲೇರ ಬೇಡಿದ್ದು ಕಾಳಿಯೆಂಬ ಬೇಟೆನಾಯಿಯನ್ನು. ಅದು ಹಂದಿಯೊಡನೆ ಹೋರಾಡಿ ಸತ್ತಾಗ ಕಲ್ಲು ನಿಲ್ಲಿಸಿ, ಅದಕ್ಕೆ ಭೂಮಿಯನ್ನೂ ಬಿಟ್ಟರು. ಕಾಳಿಯ ಶೌರ್ಯವೊಂದೇ ಆ ಕಲ್ಲನ್ನು ನಿಲ್ಲಿಸಿತೆಂದು ನನಗೆ ಈಗ ತೋರುವುದಿಲ್ಲ. ಸತ್ತ ಮೇಲೂ ಅದನ್ನು ‘ನನ್ನದು’ ಎನ್ನುವವನೊಬ್ಬನಿದ್ದ.

ಹೊತ್ತು ಮುಳುಗುವಾಗ ಹುಡುಗ ಹೆಸರು ಹಿಡಿದು ಕರೆದ. ನಾಯಿ ಓಡಿಬಂದು ತಾನಾಗಿ ಕೊರಳೊಡ್ಡಿತು. ಕರಿಯನೂ ನಾನು ಕರೆದಾಗ ಹೀಗೆಯೇ ಬರುತ್ತಿತ್ತು.