ಎರವಲು ಮೆಚ್ಚುಗೆ

ಬಿ.ಎ. ಆಪ್ಷನಲ್ ಇಂಗ್ಲಿಷ್‌ನ ಉತ್ತರಪತ್ರಿಕೆಗಳ ಕಟ್ಟನ್ನು ಬಿಚ್ಚಿ ಕುಳಿತ ಯಾವ ಮೇಷ್ಟ್ರನ್ನಾದರೂ ಕೇಳಿ, ಒಂದೇ ಮಾತು ಹೇಳುತ್ತಾರೆ. ಪ್ರತಿ ಪತ್ರಿಕೆಯಲ್ಲೂ ಅದೇ ಕವಿತೆ ಓದುಗನ ಮನ ಕಲಕುತ್ತದೆ, ಅದೇ ಕವಿ ಮಾನವ ಹೃದಯದ ಆಳ ಕಂಡವನಾಗುತ್ತಾನೆ, ಸ್ಪೆಲ್ಲಿಂಗ್ ತಪ್ಪು ಕೂಡ ಅದೇ ಪದದಲ್ಲಿ ಬೀಳುತ್ತದೆ. ಎಲ್ಲರೂ ಓದಿದ್ದು ಒಂದೇ ಗೈಡ್. ಬಾಯಿಪಾಠ ಮಾಡಿ ಬರೆದದ್ದನ್ನು ಪರೀಕ್ಷೆಯ ನಿಯಮ ನಕಲು ಎನ್ನುವುದಿಲ್ಲ. ರಸಾಯನಶಾಸ್ತ್ರದ ಸೂತ್ರವನ್ನು ಉರು ಹೊಡೆದವನು ಸುಳ್ಳು ಹೇಳಿದಂತೆಯೂ ಆಗುವುದಿಲ್ಲ, ಸೂತ್ರ ಯಾರು ಬರೆದರೂ ಅಷ್ಟೇ. ಮೆಚ್ಚುಗೆಯ ಮಾತು ಬೇರೆ. ಮನಸ್ಸು ಕಿಂಚಿತ್ತೂ ಅಲುಗದ ಹುಡುಗ ‘ಮನ ಕಲಕಿತು’ ಎಂದು ಬರೆದಾಗ ಅಂಕ ಸಿಗುತ್ತದೆ, ಜೊತೆಗೆ ಒಂದು ಅಭ್ಯಾಸವೂ ಅಂಟಿಕೊಳ್ಳುತ್ತದೆ. ಅನಿಸದೇ ಇದ್ದದ್ದನ್ನು ಅನಿಸಿತೆಂದು ಸಲೀಸಾಗಿ ಹೇಳುವ ಅಭ್ಯಾಸ ಅದು.

ಈ ಅಪಾಯವನ್ನು ಮೊದಲೇ ಕಂಡವರಿದ್ದರು. ಆಕ್ಸ್‌ಫರ್ಡ್‌ನಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಪದವಿಯ ವಿಷಯವಾಗಿಸುವ ಚರ್ಚೆ ಎದ್ದಾಗ, 1887ರಲ್ಲಿ, ಅಲ್ಲಿನ ಇತಿಹಾಸದ ಪ್ರಾಧ್ಯಾಪಕ ಎಡ್ವರ್ಡ್ ಫ್ರೀಮನ್ ಅಡ್ಡ ನಿಂತರು. ಅಭಿರುಚಿಗೂ ಸಹೃದಯತೆಗೂ ಪರೀಕ್ಷೆ ಇಡಲು ಬರುವುದಿಲ್ಲ, ಕೊನೆಗೆ ಉಳಿಯುವುದು ಶೆಲ್ಲಿಯ ಬಗ್ಗೆ ಹರಟೆ ಅಷ್ಟೇ ಎಂಬುದು ಅವರ ಆಕ್ಷೇಪ. ಅವರ ಮಾತು ಬಹಳ ಕಾಲ ನಡೆಯಲಿಲ್ಲ. 1890ರ ದಶಕದಲ್ಲಿ ಆಕ್ಸ್‌ಫರ್ಡ್‌ಗೆ, 1917ರಲ್ಲಿ ಕೇಂಬ್ರಿಜ್‌ಗೆ ಇಂಗ್ಲಿಷ್ ಪದವಿ ಬಂತು. ವಿಚಿತ್ರವೆಂದರೆ ಅಷ್ಟು ಹೊತ್ತಿಗೆ ಭಾರತದ ಕಾಲೇಜುಗಳಲ್ಲಿ ಶೇಕ್ಸ್‌ಪಿಯರ್, ಮಿಲ್ಟನ್‌ರನ್ನು ಓದಿಸಿ ಅಂಕ ಕೊಡುವುದು ಹಳೆಯ ರೂಢಿಯಾಗಿಬಿಟ್ಟಿತ್ತು. ಆಳುವವರ ಕವಿಯನ್ನು ಮೆಚ್ಚದೇ ಇರುವ ಆಯ್ಕೆ ನಮ್ಮ ಪ್ರಶ್ನೆಪತ್ರಿಕೆಯಲ್ಲಿ ಇರಲಿಲ್ಲ. ನಮ್ಮ ಎರವಲು ಮೆಚ್ಚುಗೆಗೆ ಅಷ್ಟು ಹಳೆಯ ಬೇರಿದೆ.

ಫ್ರೀಮನ್ನರ ಪ್ರಶ್ನೆಯನ್ನು ನಿಜವಾಗಿ ಎದುರಿಸಿದವರು ಕೇಂಬ್ರಿಜ್‌ನ ಐ.ಎ. ರಿಚರ್ಡ್ಸ್. 1920ರ ದಶಕದಲ್ಲಿ ಅವರು ಕವಿಯ ಹೆಸರು ಅಳಿಸಿದ ಕವಿತೆಗಳನ್ನು ವಿದ್ಯಾರ್ಥಿಗಳಿಗೆ ಹಂಚಿ, ವಾರದ ಸಮಯ ಕೊಟ್ಟು, ಅನಿಸಿದ್ದನ್ನು ಬರೆದು ತನ್ನಿ ಎಂದರು. 1929ರಲ್ಲಿ ಬಂದ ‘ಪ್ರ್ಯಾಕ್ಟಿಕಲ್ ಕ್ರಿಟಿಸಿಸಂ’ನಲ್ಲಿ ಅಂಥ 13 ಕವಿತೆಗಳಿಗೆ ಬಂದ ಪ್ರತಿಕ್ರಿಯೆಗಳಿವೆ. ಜಾನ್ ಡನ್, ಹಾಪ್ಕಿನ್ಸ್‌ರಂಥವರ ಕವಿತೆಗಳನ್ನು ಎಷ್ಟೋ ಜನ ತಳ್ಳಿಹಾಕಿದ್ದರು. ಈಗ ಯಾರೂ ನೆನೆಯದ ಪದ್ಯಗಳಿಗೆ ಶಹಬ್ಬಾಸ್ ಹೇಳಿದ್ದರು. ಕವಿತೆಯ ಸರಳ ಅರ್ಥವೇ ಕೆಲವರ ಕೈಗೆ ಸಿಕ್ಕಿರಲಿಲ್ಲ. ಒಳ್ಳೆಯ ಶಾಲೆಗಳಲ್ಲಿ ಕಲಿತು ಬಂದವರ ಪಾಡು ಇದು.

ಈ ಪುಸ್ತಕವನ್ನು ವಿದ್ಯಾರ್ಥಿಗಳ ಸೋಲಿನ ದಾಖಲೆ ಎಂದು ಓದುವವರೇ ಹೆಚ್ಚು. ನನಗೆ ಅದರಲ್ಲಿ ಭರವಸೆಯೂ ಕಾಣುತ್ತದೆ. ತಪ್ಪಾದರೂ ಅದು ಅವರವರದೇ ಓದು. ಸ್ವಂತ ತಪ್ಪನ್ನು ತಿದ್ದಬಹುದು, ಈ ಸಾಲನ್ನು ಇನ್ನೊಮ್ಮೆ ನೋಡು ಎನ್ನಬಹುದು. ಎರವಲು ತಂದ ಸರಿಯುತ್ತರವನ್ನು ತಿದ್ದುವುದು ಹೇಗೆ? ಅಲ್ಲಿ ತಪ್ಪೂ ಇಲ್ಲ, ಓದಿದವನೂ ಇಲ್ಲ.

ನಮ್ಮ ಪಠ್ಯಗಳಲ್ಲಿ ಆಗಾಗ ಬರುವ ಬ್ರೌನಿಂಗ್‌ನ ‘ಮೈ ಲಾಸ್ಟ್ ಡಚೆಸ್’ ಕವಿತೆಯನ್ನೇ ತೆಗೆದುಕೊಳ್ಳಿ. 1842ರದ್ದು, 56 ಸಾಲು. ಇಟಲಿಯ ಒಬ್ಬ ಡ್ಯೂಕ್ ತನ್ನ ಮನೆಗೆ ಬಂದ ಅತಿಥಿಗೆ ತೀರಿಹೋದ ಹೆಂಡತಿಯ ಚಿತ್ರ ತೋರಿಸುತ್ತಾನೆ. ಮಾತು ಮೃದು, ನಡವಳಿಕೆ ಸಭ್ಯ. ಚಿತ್ರದ ಪರದೆಯನ್ನು ತಾನಲ್ಲದೆ ಬೇರೆ ಯಾರೂ ಸರಿಸುವಂತಿಲ್ಲ ಎಂಬುದನ್ನು ಹಾಗೇ ತೇಲಿಸಿ ಹೇಳುತ್ತಾನೆ. ಆಕೆಗೆ ಎಲ್ಲದಕ್ಕೂ ಸಂತೋಷವಂತೆ. ಸೂರ್ಯ ಮುಳುಗುವುದಕ್ಕೂ, ಯಾರೋ ಮುರಿದು ತಂದುಕೊಟ್ಟ ಚೆರ್ರಿ ಕೊಂಬೆಗೂ, ತಾನು ಏರುವ ಬಿಳಿ ಹೇಸರಗತ್ತೆಗೂ, ಗಂಡ ಕೊಟ್ಟ ಒಂಬೈನೂರು ವರ್ಷದ ಮನೆತನದ ಹೆಸರಿಗೂ ಅದೇ ನಗು. ಆತ ಅಪ್ಪಣೆ ಕೊಟ್ಟ, ನಗು ನಿಂತಿತು. ಮರುಕ್ಷಣವೇ ಮಾತು ವರದಕ್ಷಿಣೆಗೆ ಹೊರಳುತ್ತದೆ, ಏಕೆಂದರೆ ಅತಿಥಿ ಬಂದಿರುವುದು ಮುಂದಿನ ಮದುವೆ ಕುದುರಿಸಲು.

ಗೈಡಿನ ಮೊದಲ ಸಾಲೇ ‘ಡ್ಯೂಕ್ ಅಹಂಕಾರಿ, ಕ್ರೂರಿ’. ಮಾತು ಸರಿ. ಆದರೆ ಗೈಡಿಲ್ಲದೆ ಓದುವವಳು ಅರ್ಧ ಕವಿತೆಯವರೆಗೆ ಆ ಸಭ್ಯ ಮಾತಿಗೆ ತಲೆದೂಗುತ್ತಾಳೆ, ಆಮೇಲೆ ಥಟ್ಟನೆ ಬೆಚ್ಚುತ್ತಾಳೆ. ಕೊಲೆಯ ಕಥೆಗೆ ಇಷ್ಟು ಹೊತ್ತು ತಾನೂ ಹೂಂಗುಟ್ಟಿದೆನಲ್ಲ ಎಂದು ನಾಚುತ್ತಾಳೆ. ಆ ನಾಚಿಕೆಯೇ ಈ ಕವಿತೆ ಕೊಡುವ ಶಿಕ್ಷಣ, ಗೈಡ್ ಕಸಿದುಕೊಳ್ಳುವುದೂ ಅದನ್ನೇ. ಬದುಕಿನಲ್ಲಿ ನಯವಾಗಿ ಮಾತಾಡುವ ಡ್ಯೂಕ್‌ಗಳು ಎದುರಾಗುತ್ತಾರೆ, ಮನೆಯಲ್ಲಿ, ಕಚೇರಿಯಲ್ಲಿ, ಚುನಾವಣೆಯ ವೇದಿಕೆಯಲ್ಲಿ. ಅವರು ಕ್ರೂರಿಗಳೆಂದು ಅಲ್ಲಿ ಯಾರೂ ಮುಂಚಿತವಾಗಿ ಬರೆದಿಟ್ಟಿರುವುದಿಲ್ಲ.

ಹಾಗೆಂದು ಹುಡುಗರನ್ನು ಬೈಯುವುದು ಸುಲಭದ ಕೆಲಸ. ಕನ್ನಡ ಮಾಧ್ಯಮದಲ್ಲಿ ಓದಿ, ಮನೆತನದಲ್ಲೇ ಮೊದಲ ಬಾರಿಗೆ ಕಾಲೇಜಿನ ಮೆಟ್ಟಿಲು ಹತ್ತಿದ ಹುಡುಗಿಗೆ ಬ್ರೌನಿಂಗ್‌ನ ವಾಕ್ಯವೇ ಬಿಡಿಸಲಾಗದ ಗಂಟು. ಆಕೆಗೆ ಗೈಡ್ ಊರುಗೋಲು. ವ್ಯಾಲ್ಯುಯೇಷನ್‌ನ ಸ್ಕೀಮ್ ಕೂಡ ಪಾಯಿಂಟ್ ಎಣಿಸಿ ಅಂಕ ಕೊಡು ಎನ್ನುತ್ತದೆ. ಕುಂಟು ಇಂಗ್ಲಿಷಿನಲ್ಲಿ ‘ಈತ ಒಳ್ಳೆಯವನೆಂದುಕೊಂಡಿದ್ದೆ, ಆಮೇಲೆ ಭಯವಾಯಿತು’ ಎಂದು ಬರೆದವಳಿಗೆ ಹತ್ತಕ್ಕೆ ನಾಲ್ಕು, ಗೈಡಿನ ಠೀವಿಗೆ ಎಂಟು ಬಿದ್ದರೆ ಅಪ್ರಾಮಾಣಿಕತೆಯ ಮೊದಲ ಪಾಠ ಹೇಳಿಕೊಟ್ಟವರು ನಾವೇ. ಈಗಂತೂ ಗೈಡಿಗೆ ಕಾಸು ಕೊಡುವ ಕೆಲಸವೂ ಇಲ್ಲ. ಫೋನನ್ನು ಕೇಳಿದರೆ ಒಬ್ಬೊಬ್ಬರಿಗೂ ಬೇರೆ ಬೇರೆ ಮಾತಿನಲ್ಲಿ ಮನ ಕಲಕಿಸಿ ಕೊಡುತ್ತದೆ.

ಹಾಗಾದರೆ ತಪ್ಪು ಸಾಹಿತ್ಯದ ಪದವಿಯದ್ದೇ? ಯೂನಿವರ್ಸಿಟಿ ಪ್ರವೇಶ ಪರೀಕ್ಷೆಯಲ್ಲಿ ಇಂಗ್ಲಿಷಿನಲ್ಲೇ ಫೇಲಾಗಿದ್ದ ಆರ್.ಕೆ. ನಾರಾಯಣ್ 1930ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಿಂದ ಬಿ.ಎ. ಮುಗಿಸಿದರು. ಎಂ.ಎ.ಗೆ ಅರ್ಜಿ ಹಾಕಲು ಹೊರಟವರನ್ನು ಗೆಳೆಯನೊಬ್ಬ ಮೆಟ್ಟಿಲ ಮೇಲೆ ತಡೆದು, ಸಾಹಿತ್ಯದ ಆಸೆ ಸಾಯಬೇಕೆಂದಿದ್ದರೆ ಅದನ್ನು ಓದು ಎಂದನಂತೆ. ಅವರು ಹಿಂದಿರುಗಿದರು. ಅದೇ ಕಾಲೇಜಿನಲ್ಲಿ ಇಂಗ್ಲಿಷ್ ಓದಿದ ಎ.ಕೆ. ರಾಮಾನುಜನ್, ಯು.ಆರ್. ಅನಂತಮೂರ್ತಿಯವರ ಆಸೆ ಮಾತ್ರ ಸಾಯಲಿಲ್ಲ. ಆದ್ದರಿಂದ ತಪ್ಪನ್ನು ಪದವಿಯ ತಲೆಗೆ ಕಟ್ಟಲಾಗದು. ಓದುವ ಮೊದಲೇ ತೀರ್ಪು ಕೈಗೆ ಸಿಕ್ಕರೆ ಆಸಕ್ತಿ ಸಾಯುತ್ತದೆ, ಅದು ಮನೆಯಲ್ಲಿ ಕೂತು ಓದಿದರೂ ಸಾಯುತ್ತದೆ.

‘ಇಂಗ್ಲಿಷ್ ಓದಿ ಏನು ಮಾಡ್ತೀಯ?’ ಎಂದು ನೆಂಟರು ಕೇಳಿದಾಗ ಬಿ.ಎಡ್., ಬ್ಯಾಂಕ್ ಪರೀಕ್ಷೆ, ಕಾಲ್ ಸೆಂಟರ್ ಎಂದು ಉತ್ತರ ಹುಡುಕುತ್ತೇವೆ. ಉದ್ಯೋಗದ ಚಿಂತೆ ನಿಜವಾದದ್ದು, ಅದನ್ನು ಹಗುರ ಮಾಡಬಾರದು. ಅದರ ಜೊತೆಗೇ ಇನ್ನೊಂದನ್ನು ಕೇಳಿಕೊಳ್ಳಬೇಕು: ಮೂರು ವರ್ಷದ ಕೊನೆಗೆ ಈ ವಿದ್ಯಾರ್ಥಿನಿಗೆ ಕವಿಯ ಹೆಸರಿಲ್ಲದ ಒಂದು ಪುಟ ಕೊಟ್ಟರೆ ತನಗೆ ಅನಿಸಿದ್ದನ್ನು ಮಾತ್ರ, ಅನಿಸಿದಷ್ಟನ್ನೇ ಬರೆಯಬಲ್ಲಳೇ? ಬರೆಯುವುದನ್ನು ಕಲಿಯುವುದೆಂದರೆ ಮುಖ್ಯವಾಗಿ ಇದೇ. ಹಾಗಾಗಿ ಪ್ರತಿ ಸೆಮಿಸ್ಟರ್ ಪತ್ರಿಕೆಯಲ್ಲಿ ಪಾಠವಾಗದ ಒಂದು ಕವಿತೆ ಇರಲಿ, ಕವಿಯ ಹೆಸರು ಬೇಡ. ‘ಇಷ್ಟವಾಗಲಿಲ್ಲ, ಕಾರಣ ಇದು’ ಎಂಬ ಉತ್ತರಕ್ಕೂ ಪೂರ್ಣ ಅಂಕ ಇರಲಿ. ಪರೀಕ್ಷೆ ಇಡಬೇಕಾದದ್ದು ಅಭಿರುಚಿಗಲ್ಲ, ಓದಿನ ಪ್ರಾಮಾಣಿಕತೆಗೆ. ಅದಕ್ಕೆ ಅಂಕ ಕೊಡಲು ಬರುತ್ತದೆ.